ರಾಜೀನಾಮೆಯಲ್ಲಿ ‘ವೈಯಕ್ತಿಕ ಕಾರಣ’ ಅಂತ ಬರೆಯುವ ಮುಂಚೆ

ಪ್ರಶ್ನೆ: ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಂಬತ್ತು ವರ್ಷದಿಂದ ಶಿಕ್ಷಕಿ. ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಆಗಿ ಮತದಾರರ ಪಟ್ಟಿಯ ಕೆಲಸ, ಸಮೀಕ್ಷೆ, ಆನ್‌ಲೈನ್ ಎಂಟ್ರಿ ಮುಗಿಯುವುದೇ ಇಲ್ಲ. ಪಾಠ ಮಾಡುವ ಆಸಕ್ತಿಯೇ ಹೊರಟುಹೋಗಿದೆ. ರಾಜೀನಾಮೆ ಕೊಟ್ಟು ಖಾಸಗಿ ಶಾಲೆ ಸೇರಲೇ?

ಉತ್ತರ:

ಆಸಕ್ತಿ ಹೋಗಿದೆ ಅಂತ ನಿಮಗೆ ಹೇಗೆ ಗೊತ್ತಾಯಿತು? ಪಾಠ ಮಾಡಲು ಬಿಟ್ಟರೆ ತಾನೆ ಅದು ಇದೆಯೋ ಇಲ್ಲವೋ ತಿಳಿಯುವುದು? ನಾನೂ ಇದೇ ಮಾತು ಹೇಳಿಕೊಂಡು 2019ರಲ್ಲಿ ಕೆಲಸ ಬಿಟ್ಟವಳು.

2008ರಲ್ಲಿ ಸೇರಿದ್ದೆ. ಕಲ್ಯಾಣ ಕರ್ನಾಟಕದ ಒಂದು ಹಳ್ಳಿ. ಒಂದರಿಂದ ಐದನೇ ತರಗತಿ, ಐವತ್ತು ಚಿಲ್ಲರೆ ಮಕ್ಕಳು, ಇಬ್ಬರೇ ಶಿಕ್ಷಕರು. ಕಾನೂನಿನ ಪ್ರಕಾರ ಇದು ಸರಿಯಾದ ಲೆಕ್ಕವೇ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಅಂತಿದೆ. ಮಕ್ಕಳ ತಲೆ ಎಣಿಸುತ್ತಾರೆ, ತರಗತಿ ಐದಿವೆ ಅನ್ನುವುದನ್ನು ಯಾರೂ ಎಣಿಸುವುದಿಲ್ಲ. ಮುಖ್ಯ ಗುರುಗಳು ಮೀಟಿಂಗ್‌ಗೆ ಹೋದರೆ ಐದೂ ತರಗತಿ ನನ್ನ ಮುಂದೆ. ಚಿಕ್ಕವರಿಗೆ ತಾವೇ ಮಾಡಿ ಕಲಿಯುವ ನಲಿ-ಕಲಿ ಕಾರ್ಡು ಕೊಟ್ಟು ಕೂರಿಸಿ, ನಾಲ್ಕು-ಐದಕ್ಕೆ ಗಣಿತ ಶುರು ಮಾಡುತ್ತಿದ್ದೆ. ಅಷ್ಟರಲ್ಲಿ ಫೋನ್. ಇವತ್ತಿನ ಹಾಜರಿ ಎಷ್ಟು, ಊಟ ಮಾಡಿದವರು ಎಷ್ಟು, ಆಧಾರ್ ಇಲ್ಲದವರು ಎಷ್ಟು, ಬ್ಯಾಂಕ್ ಖಾತೆ ಜೋಡಣೆ ಆಗದವರು ಎಷ್ಟು. ಎಲ್ಲಕ್ಕೂ ‘ತುರ್ತು, ಇಂದೇ ಸಲ್ಲಿಸಿ’ ಅಂತ ಇರುತ್ತಿತ್ತು.

ಪ್ರಾಥಮಿಕ ಶಾಲೆಗೆ ಗುಮಾಸ್ತರ ಹುದ್ದೆಯೇ ಇಲ್ಲ, ನಿಮಗೆ ಗೊತ್ತೇ ಇದೆ. ಹೈಸ್ಕೂಲಿನಲ್ಲಿ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಮಾಡುವ ಕೆಲಸವನ್ನು ನಮ್ಮಲ್ಲಿ ಟೀಚರೇ ಮಾಡಬೇಕು. ನನಗೆ ಸ್ವಲ್ಪ ಕಂಪ್ಯೂಟರ್ ಬರುತ್ತಿತ್ತು. ಹಾಗಾಗಿ ನಮ್ಮ ಶಾಲೆಯ ಸ್ಯಾಟ್ಸ್ (ಮಕ್ಕಳ ವಿವರದ ಆನ್‌ಲೈನ್ ದಾಖಲೆ) ಎಂಟ್ರಿ ಜೊತೆ ಪಕ್ಕದ ಶಾಲೆಗಳದ್ದೂ ನನ್ನ ಹತ್ತಿರವೇ ಬಂತು. ಯು-ಡೈಸ್, ಅಂದರೆ ಶಾಲೆಗಳ ವಾರ್ಷಿಕ ಅಂಕಿಅಂಶದ ಮಾಹಿತಿ ತುಂಬುವ ಕಾಲದಲ್ಲಂತೂ ಇಡೀ ಕ್ಲಸ್ಟರ್ (ಸುತ್ತಲಿನ ಶಾಲೆಗಳ ಗುಂಪು) ನನ್ನ ಮನೆಯಲ್ಲೇ ಕೂತಿರುತ್ತಿತ್ತು. ಇದರ ಮೇಲೆ ಬಿಎಲ್‌ಒ. ನಮೂನೆ 6 ಸೇರ್ಪಡೆಗೆ, 7 ತೆಗೆಯುವುದಕ್ಕೆ, 8 ತಿದ್ದುಪಡಿಗೆ. ಇವತ್ತಿಗೂ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ.

ಈಗ ನನ್ನ ತಪ್ಪಿನ ವಿಷಯ. ಇದನ್ನು ವಿವರವಾಗಿ ಹೇಳಬೇಕು. ಯಾಕೆಂದರೆ ನೀವೂ ಬಹುಶಃ ಇದನ್ನೇ ಮಾಡುತ್ತಿದ್ದೀರಿ.

ನಾನು ಪಾಠ ಯೋಜನೆಯ ಪುಸ್ತಕದಲ್ಲಿ ಸುಳ್ಳು ಬರೆಯುತ್ತಿದ್ದೆ. ವಾರ ಪೂರ್ತಿ ಮತದಾರರ ಪಟ್ಟಿ ಹಿಡಿದು ಓಣಿ ಓಣಿ ತಿರುಗಿರುತ್ತಿದ್ದೆ. ಶನಿವಾರ ಕೂತು, ವಾರ್ಷಿಕ ಪಾಠ ಹಂಚಿಕೆಯಲ್ಲಿ ಆ ವಾರಕ್ಕೆ ಏನಿದೆಯೋ ಅದೆಲ್ಲ ಆಗಿದೆ ಅಂತ ತುಂಬುತ್ತಿದ್ದೆ. ಐದನೇ ತರಗತಿ, ಭಾಗಾಕಾರ, ಪೂರ್ಣಗೊಂಡಿದೆ. ಕೆಳಗೆ ಸಹಿ.

ಮೋಸ ಮಾಡಬೇಕು ಅಂತ ಬರೆದದ್ದಲ್ಲ. ಮುಂದಿನ ವಾರ ಎರಡು ಪೀರಿಯಡ್ ಜಾಸ್ತಿ ತಗೊಂಡು ಮುಗಿಸಿದರಾಯಿತು ಅನ್ನುವ ಧೈರ್ಯದಲ್ಲಿ ಬರೆಯುತ್ತಿದ್ದೆ. ಆಗ ನನಗೆ ಅದು ಸುಳ್ಳು ಅಂತ ಅನಿಸಿರಲೇ ಇಲ್ಲ. ಮಕ್ಕಳಿಗೆ ತೀರಿಸಬೇಕಾದ ಸಾಲ ಬರೆದಿಟ್ಟ ಹಾಗಿತ್ತು. ಆದರೆ ಮುಂದಿನ ವಾರ ತರಬೇತಿ ಬರುತ್ತಿತ್ತು. ಅದರ ಮುಂದಿನ ವಾರ ಇನ್ನೊಂದು ಮಾಹಿತಿ. ಆ ಪುಟ ಮಾತ್ರ ‘ಪೂರ್ಣಗೊಂಡಿದೆ’ ಅಂತಲೇ ಉಳಿಯುತ್ತಿತ್ತು. ಸೇರಿದ ಹೊಸತರಲ್ಲಿ ಹಿರಿಯರೊಬ್ಬರು ಕಲಿಸಿಕೊಟ್ಟ ಪಾಠವೂ ಅದೇ: ‘ದಾಖಲೆ ಕ್ಲೀನಾಗಿರಲಿ, ಆಮೇಲೆ ಯಾರೂ ಏನೂ ಕೇಳಲ್ಲ.’ ಸಿಸಿಇ, ಅಂದರೆ ವರ್ಷವಿಡೀ ನಡೆಯುವ ಮೌಲ್ಯಮಾಪನದ ಅಂಕವೂ ಹಾಗೆಯೇ. ಪಾಠ ಆಗಿದೆ ಅಂತ ಬರೆದ ಮೇಲೆ ರೂಪಣಾತ್ಮಕ ಮೌಲ್ಯಮಾಪನದಲ್ಲಿ ಸಿ ಕೊಡಲು ಆಗುತ್ತದೆಯೇ? ಬಿ ಪ್ಲಸ್, ಎ ಅಂತ ತುಂಬಿದೆ.

ಇನ್ನೊಂದು ವಿಷಯ, ಚಲನವಲನ ವಹಿ. ಹೊರಗೆ ಹೋಗುವಾಗ ಅದರಲ್ಲಿ ಎಲ್ಲಿಗೆ, ಯಾರ ಆದೇಶದ ಮೇಲೆ ಅಂತ ಬರೆದು ಹೋಗಬೇಕು. ನಾನು ಬರೆಯುತ್ತಿರಲಿಲ್ಲ. ಆದೇಶವೇ ಇರುತ್ತಿರಲಿಲ್ಲವಲ್ಲ! ಎಲ್ಲ ಫೋನಿನಲ್ಲೇ. ‘ಮೇಡಂ, ಇವತ್ತೊಂದಿನ ಸ್ವಲ್ಪ ಮಾಡಿಕೊಡಿ.’ ಓಓಡಿ (ಶಾಲೆಯ ಹೊರಗಿನ ಕರ್ತವ್ಯ) ಅಂತ ಹಾಕಿದರೆ ಆದೇಶದ ಪ್ರತಿ ಕೇಳುತ್ತಾರೆ, ಸುಮ್ನೆ ಯಾಕೆ ರಗಳೆ ಅಂತ ಹಾಜರಿ ಪುಸ್ತಕದಲ್ಲಿ ಸಹಿ ಮಾಡಿ ಹೊರಡುತ್ತಿದ್ದೆ. ಅಂದರೆ ಕಾಗದದ ಪ್ರಕಾರ ನಾನು ದಿನವೂ ಶಾಲೆಯಲ್ಲಿದ್ದೆ, ದಿನವೂ ಪಾಠ ಮಾಡಿದ್ದೆ, ಮಕ್ಕಳೆಲ್ಲ ಚೆನ್ನಾಗಿ ಕಲಿತಿದ್ದರು.

2018ರ ವಿಧಾನಸಭಾ ಚುನಾವಣೆಗೆ ಮುಂಚೆ ಪಟ್ಟಿ ಪರಿಷ್ಕರಣೆ ಜೋರಾಗಿತ್ತು. ಆ ಹೊತ್ತಿನಲ್ಲೇ ಮೇಲಿನ ಅಧಿಕಾರಿಯೊಬ್ಬರು ಶಾಲೆಗೆ ಬಂದರು. ಐದನೇ ತರಗತಿಗೆ ಬೋರ್ಡ್ ಮೇಲೆ ಒಂದು ಭಾಗಾಕಾರ ಬರೆದರು. ಇಬ್ಬರು ಮಾಡಿದರು, ಉಳಿದವರು ತಲೆ ಎತ್ತಲಿಲ್ಲ. ಅಧಿಕಾರಿ ನನ್ನ ಪುಸ್ತಕ ತರಿಸಿ, ಪುಟ ತೆಗೆದು ಕೇಳಿದರು: ‘ಪಾಠ ಆಗಿದೆ ಅಂತ ನೀವೇ ಬರೆದಿದ್ದೀರಿ. ಎ ಗ್ರೇಡ್ ಕೊಟ್ಟವರೂ ನೀವೇ. ಮಕ್ಕಳಿಗೆ ಬರಲ್ಲ. ಹಾಗಾದರೆ ಪಾಠ ಮಾಡಿದ ರೀತಿಯೇ ಸರಿ ಇಲ್ಲ ಅಂತ ಅಲ್ವಾ?’

ಸರ್, ಆ ವಾರ ಬಿಎಲ್‌ಒ ಕೆಲಸದಲ್ಲಿದ್ದೆ ಅಂದೆ. ಚಲನವಲನ ವಹಿ ತರಿಸಿದರು. ಅದರಲ್ಲಿ ನನ್ನ ಹೆಸರೇ ಇಲ್ಲ. ಆದೇಶ ಕೇಳಿದರು. ಅದೂ ಇಲ್ಲ. ನನ್ನನ್ನು ಫೋನ್ ಮಾಡಿ ಕರೆದವರು ಪಕ್ಕದಲ್ಲೇ ನಿಂತಿದ್ದರು. ಬಾಯಿ ಬಿಡಲಿಲ್ಲ.

ಕಾರಣ ಕೇಳಿ ನೋಟಿಸ್ ಬಂತು. ಉತ್ತರದಲ್ಲಿ ನಿಜ ಬರೆದೆ. ನನ್ನ ನಿಜಕ್ಕೆ ವಿರುದ್ಧ ಸಾಕ್ಷಿ ನನ್ನದೇ ಕೈಬರಹ. ಒಂದು ವಾರ್ಷಿಕ ವೇತನ ಬಡ್ತಿ ತಡೆಹಿಡಿದರು. ದುಡ್ಡಿಗಿಂತ ಜಾಸ್ತಿ ನೋವಾದದ್ದು ಒಬ್ಬ ತಾಯಿ ಬಂದು ಹೇಳಿದ ಮಾತಿಗೆ. ‘ಟೀಚರ್ರೀ, ನೀವು ಛಲೋ ಕಲಿಸ್ತೀರಂತ ಹುಡುಗಿನ್ನ ಇಲ್ಲೇ ಇಟ್ಟಿದ್ವಿರಿ. ಲೆಕ್ಕಾನೇ ಬರಂಗಿಲ್ಲಲ್ರಿ ಆಕಿಗೆ.’ ಆಕೆ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆಕೆಯ ಮಗಳಿಗೆ ಸಿಗಬೇಕಾದ ಪೀರಿಯಡ್‌ಗಳು ಯಾವ ಓಣಿಯಲ್ಲಿ ಕಳೆದವು ಅಂತ ತೋರಿಸಲು ನನ್ನ ಹತ್ತಿರ ಒಂದು ಸಾಲೂ ಇರಲಿಲ್ಲ.

ಮರುವರ್ಷ ರಾಜೀನಾಮೆ ಬರೆದೆ. ಮೊದಲ ಕರಡಿನಲ್ಲಿ ಎಲ್ಲ ಬರೆದಿದ್ದೆ. ಕಚೇರಿಯಲ್ಲಿ ಒಬ್ಬರು ಓದಿ, ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: ‘ಇದೆಲ್ಲ ಬೇಡ ಮೇಡಂ, ಫೈಲ್ ನಿಂತುಬಿಡುತ್ತೆ. ವೈಯಕ್ತಿಕ ಕಾರಣ ಅಂತ ಹಾಕಿ.’ ಹಾಕಿದೆ. ಅದೂ ಅದೇ ತಪ್ಪೇ. ಹನ್ನೊಂದು ವರ್ಷ ಪುಸ್ತಕದಲ್ಲಿ ಬರೆದ ಸುಳ್ಳನ್ನು ಹೋಗುವಾಗ ಇನ್ನೊಂದು ಸಲ ಬರೆದು ಹೋದೆ.

ಶಿಕ್ಷಕರು ಯಾಕೆ ಬಿಡುತ್ತಿದ್ದಾರೆ ಅಂತ ಎಲ್ಲರೂ ಕೇಳುತ್ತಾರೆ. ಸರ್ಕಾರದ ಕಡತ ತೆಗೆದು ನೋಡಿದರೆ ಉತ್ತರ ಸಿಗುವುದಿಲ್ಲ. ಅಲ್ಲಿ ಪಾಠಗಳೆಲ್ಲ ಪೂರ್ಣಗೊಂಡಿವೆ, ಬಿಟ್ಟವರೆಲ್ಲ ವೈಯಕ್ತಿಕ ಕಾರಣಕ್ಕೆ ಬಿಟ್ಟಿದ್ದಾರೆ. ಹಾಗಿರುವಾಗ ಇನ್ನೊಂದು ಸಮೀಕ್ಷೆ ಹೊರಿಸಲು ಯಾರಿಗೆ ಹಿಂಜರಿಕೆ? ಹಳ್ಳಿ ಹಳ್ಳಿಯಲ್ಲೂ ಓದು ಬಲ್ಲ, ಫೋನ್ ಇರುವ, ನೋಟಿಸ್‌ಗೆ ಹೆದರುವ ಸಂಬಳದ ಮನುಷ್ಯ ಅಂದರೆ ಶಿಕ್ಷಕರೇ. ಅದಕ್ಕೇ ಎಲ್ಲ ಕೆಲಸವೂ ನಮ್ಮ ಕಡೆಗೆ ಹರಿಯುತ್ತದೆ. ಕ್ಲಸ್ಟರ್‌ಗೆ ಒಬ್ಬ ಗುಮಾಸ್ತರನ್ನು ಕೊಟ್ಟರೆ ಅರ್ಧ ಭಾರ ಇಳಿಯುತ್ತದೆ ಅಂತ ನಾನು ಇವತ್ತಿಗೂ ನಂಬಿದ್ದೇನೆ. ಆದರೆ ಭಾರ ಇದೆ ಅನ್ನುವುದೇ ಕಾಗದದಲ್ಲಿ ಇಲ್ಲವಲ್ಲ.

ನಾನು ಬಿಟ್ಟ ಮೇಲೆ ಕೆಲಸ ಹೆಚ್ಚಾಗಿದೆಯೇ ಹೊರತು ಕಮ್ಮಿ ಆಗಿಲ್ಲ. ಹಳೆಯ ಸಹೋದ್ಯೋಗಿಗಳು ಫೋನ್ ಮಾಡುತ್ತಿರುತ್ತಾರೆ. 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ. ಯೋಜನೆ ಒಳ್ಳೆಯದು, ಆ ಮಕ್ಕಳಿಗೆ ಅದು ಬೇಕೇ ಬೇಕು. ಆದರೆ ಒಂದು ಮೊಟ್ಟೆಗೆ ಕೊಡುವ 6 ರೂಪಾಯಿಯಲ್ಲಿ ಕೊಳ್ಳುವುದು, ಬೇಯಿಸುವುದು, ಸುಲಿಯುವುದು ಎಲ್ಲ ಸೇರಬೇಕು. ಪೇಟೆಯಲ್ಲಿ ದರ ಏರಿದರೆ ವ್ಯತ್ಯಾಸ ತುಂಬುವವರು ಯಾರು ಅಂತ ನಿಮಗೆ ಹೇಳಬೇಕಾಗಿಲ್ಲ. 2025ರ ಸೆಪ್ಟೆಂಬರ್ 22ಕ್ಕೆ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ಮುಗಿಯಲಿಲ್ಲ ಅಂತ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ಅದು ಮಕ್ಕಳಿಗೆ ರಜೆ, ಶಿಕ್ಷಕರಿಗಲ್ಲ. ಆ ಪಾಠದ ದಿನಗಳು ವಾಪಸ್ ಬರಬೇಕಾದದ್ದೂ ಅದೇ ಶಿಕ್ಷಕರ ಬೆನ್ನ ಮೇಲೆ. ಅದೇ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ತೀರ್ಪು ಕೊಟ್ಟಿತ್ತು. ಐದು ವರ್ಷಕ್ಕಿಂತ ಹೆಚ್ಚು ಸೇವೆ ಬಾಕಿ ಇರುವವರು ಎರಡು ವರ್ಷದೊಳಗೆ ಪಾಸಾಗಬೇಕು, ಇಲ್ಲದಿದ್ದರೆ ಮನೆಗೆ. ಇಪ್ಪತ್ತು ವರ್ಷ ಪಾಠ ಮಾಡಿದವರು ಹಗಲು ಮನೆ ಮನೆ ತಿರುಗಿ ರಾತ್ರಿ ಪರೀಕ್ಷೆಗೆ ಓದಬೇಕು. ಇದನ್ನು ಕೇಳಿದಾಗ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ.

ಖಾಸಗಿ ಶಾಲೆ ಸೇರಲೇ ಅಂತ ಕೇಳಿದ್ದೀರಿ. ನಾನು ಸೇರಿ ನೋಡಿದೆ. ಬಿಎಲ್‌ಒ ಇಲ್ಲ, ನಿಜ. ಸಂಬಳ ಅರ್ಧಕ್ಕಿಂತ ಕಡಿಮೆ, ಬೇಸಿಗೆಯಲ್ಲಿ ಅಡ್ಮಿಷನ್‌ಗಾಗಿ ಮನೆ ಮನೆ ತಿರುಗಬೇಕು. ಈಗ ಮನೆಯಲ್ಲೇ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಮೊದಲ ವಾರವೇ ಗೊತ್ತಾಯಿತು, ನನ್ನ ಆಸಕ್ತಿ ಎಲ್ಲೂ ಹೋಗಿರಲಿಲ್ಲ. ಅದಕ್ಕೇ ನಿಮ್ಮದೂ ಹೋಗಿಲ್ಲ ಅಂತ ಇಷ್ಟು ಖಚಿತವಾಗಿ ಹೇಳುತ್ತಿರುವುದು.

ದುಡ್ಡಿನ ಲೆಕ್ಕ ಚುಟುಕಾಗಿ ಹೇಳುತ್ತೇನೆ. 2006ರ ಏಪ್ರಿಲ್ 1ರ ನಂತರ ಸೇರಿದ ನಾವೆಲ್ಲ ಎನ್‌ಪಿಎಸ್ (ಹೊಸ ಪಿಂಚಣಿ ಯೋಜನೆ) ನವರು. ನಾನು ಬಿಟ್ಟಾಗಿನ ನಿಯಮದಲ್ಲಿ, ಅವಧಿಗೆ ಮೊದಲೇ ಹೊರಬಂದರೆ ಜಮೆಯಾದ ಹಣದಲ್ಲಿ ಶೇಕಡಾ 80ರಷ್ಟು ಪಿಂಚಣಿ ಖರೀದಿಗೆ ಹೋಗುತ್ತಿತ್ತು, ಕೈಗೆ 20 ಮಾತ್ರ. ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆಯೂ ಹೋಗುತ್ತದೆ. ಬೇರೆ ಸರ್ಕಾರಿ ಹುದ್ದೆಗೆ ಹೋಗುವುದಾದರೆ ಇಲಾಖೆಯ ಅನುಮತಿ ಪಡೆದು, ಸೂಕ್ತ ಮಾರ್ಗದಲ್ಲೇ ಅರ್ಜಿ ಹಾಕಿ. ಆಗ ಸೇವೆ ಉಳಿಯುತ್ತದೆ. ಸಿಟ್ಟಿನಲ್ಲಿ ಬರೆದ ಪತ್ರಕ್ಕೆ ಆ ರಕ್ಷಣೆ ಇಲ್ಲ.

ನನ್ನನ್ನು ಕೇಳಿದರೆ, ಬಿಡಲೋ ಇರಲೋ ಅನ್ನುವುದನ್ನು ಒಂದು ವರ್ಷ ಪಕ್ಕಕ್ಕಿಡಿ. ಈ ಒಂದು ವರ್ಷ ಪುಸ್ತಕದಲ್ಲಿ ನಿಜ ಬರೆಯಿರಿ. ‘ಬಿಎಲ್‌ಒ ಕೆಲಸದ ನಿಮಿತ್ತ ಇಂದು ನಾಲ್ಕನೇ ಮತ್ತು ಐದನೇ ತರಗತಿಗೆ ಗಣಿತ ಬೋಧನೆ ನಡೆದಿಲ್ಲ’ ಅಂತ ಅದೇ ದಿನ, ಅದೇ ಶಾಯಿಯಲ್ಲಿ. ಮಗುವಿಗೆ ಬರದಿದ್ದರೆ ಸಿ ಅಂತಲೇ ಹಾಕಿ. ಫೋನಿನಲ್ಲಿ ಕರೆದರೆ ಹೋಗಿ, ಜಗಳ ಬೇಡ. ಆದರೆ ಹೊರಡುವ ಮುಂಚೆ ಕರೆದವರಿಗೆ ವಾಟ್ಸಾಪ್‌ನಲ್ಲಿ ‘ತಮ್ಮ ಮೌಖಿಕ ಸೂಚನೆಯಂತೆ ಹೊರಡುತ್ತಿದ್ದೇನೆ’ ಅಂತ ಒಂದು ಸಾಲು ಹಾಕಿ, ಅದನ್ನೇ ಚಲನವಲನ ವಹಿಯಲ್ಲೂ ಬರೆಯಿರಿ. ರಜಾ ದಿನದ ಕರ್ತವ್ಯಕ್ಕೆ ಆದೇಶದ ಪ್ರತಿ ಕೇಳಿ ಇಟ್ಟುಕೊಳ್ಳಿ, ಗಳಿಕೆ ರಜೆ ಕೇಳುವಾಗ ಅದು ಬೇಕಾಗುತ್ತದೆ.

ಕಾನೂನೂ ನಿಮ್ಮ ಕಡೆ ಇದೆ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಬೋಧನೆಯ ಹೊರತಾಗಿ ಮೂರೇ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಲು ಬಿಟ್ಟಿದೆ: ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ. ನಾನು ಓದಿಕೊಂಡ ಪ್ರಕಾರ ಉಳಿದ ಸಮೀಕ್ಷೆಗಳು ಆ ಮೂರರಲ್ಲಿ ಬರುವುದಿಲ್ಲ. ಚುನಾವಣೆ ಕೆಲಸವನ್ನೂ ಸಾಮಾನ್ಯವಾಗಿ ರಜಾ ದಿನಗಳಲ್ಲಿ, ಬೋಧನೆ ಇಲ್ಲದ ಹೊತ್ತಿನಲ್ಲಿ ಕೊಡಬೇಕು ಅಂತ 2007ರ ಡಿಸೆಂಬರ್‌ನಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಒಬ್ಬರೇ ಇದನ್ನು ಹಿಡಿದುಕೊಂಡು ಕಚೇರಿಗೆ ಹೋಗಬೇಡಿ, ಗುರಿಯಾಗುತ್ತೀರಿ. ಎಸ್‌ಡಿಎಂಸಿ, ಅಂದರೆ ಪೋಷಕರಿರುವ ಶಾಲಾ ಅಭಿವೃದ್ಧಿ ಸಮಿತಿಯ ಸಭೆಯಲ್ಲಿ ಆ ತಿಂಗಳು ಬೋಧನೆ ನಡೆಯದ ದಿನಗಳ ಪಟ್ಟಿ ಓದಿ, ನಡಾವಳಿಯಲ್ಲಿ ಬರೆಸಿ. ಪೋಷಕರು ಕೇಳುವ ಪ್ರಶ್ನೆಗೆ ನೋಟಿಸ್ ಕೊಡಲು ಆಗುವುದಿಲ್ಲ. ನನ್ನ ಹತ್ತಿರ ಬಂದ ಆ ತಾಯಿ ಸಭೆಗೆ ಬಂದಿದ್ದರೆ ನನಗಿಂತ ಚೆನ್ನಾಗಿ ಮಾತಾಡುತ್ತಿದ್ದರು.

ವರ್ಷ ಕಳೆದ ಮೇಲೂ ಆಗುವುದಿಲ್ಲ ಅನಿಸಿದರೆ ಬಿಡಿ. ಯಾರೂ ನಿಮ್ಮನ್ನು ತಪ್ಪು ಅನ್ನಬಾರದು. ಆದರೆ ಪತ್ರದಲ್ಲಿ ಕಾರಣ ಪೂರ್ತಿ ಬರೆಯಿರಿ. ಎಷ್ಟು ದಿನ ಬೋಧನೆ ನಡೆಯಲಿಲ್ಲ, ಯಾವ ಯಾವ ಕೆಲಸಕ್ಕೆ ಅಂತ ನಿಮ್ಮ ಪುಸ್ತಕದ ಪುಟಗಳ ಪ್ರತಿಯನ್ನೂ ಸೇರಿಸಿ. ಕಚೇರಿಯಲ್ಲಿ ತಿದ್ದಿ ತನ್ನಿ ಅಂದರೆ ತಿದ್ದಬೇಡಿ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಶೀದಿ ಇಟ್ಟುಕೊಳ್ಳಿ. ಫೈಲ್ ಎರಡು ತಿಂಗಳು ತಡವಾದರೆ ಆಗಲಿ.