ಮಕ್ಕಳು ಬರದ ಕ್ರಿಸ್ಮಸ್, ಪಕ್ಕದ ಸರ್ಕಾರಿ ಶಾಲೆ

ಪ್ರಶ್ನೆ: ನನಗೆ 62 ವರ್ಷ. ಬ್ಯಾಂಕಿನಲ್ಲಿದ್ದು ನಿವೃತ್ತಳಾದವಳು. ಯಜಮಾನರು ಈಗಿಲ್ಲ. ಮಗ ಕುವೈತಿನಲ್ಲಿ, ಮಗಳು ಕೆನಡಾದಲ್ಲಿ. ಪ್ರತಿ ಕ್ರಿಸ್ಮಸ್‌ಗೆ ಇಬ್ಬರಲ್ಲಿ ಒಬ್ಬರಾದರೂ ಬರುತ್ತಿದ್ದರು. ಈ ಸಲ ಇಬ್ಬರೂ ಇಲ್ಲ. ರಜೆ ಸಿಗಲಿಲ್ಲ ಎಂದು ಮಗ ಫೋನ್ ಮಾಡಿದಾಗ, "ಪರವಾಗಿಲ್ಲ ಪುತಾ, ನನಗೂ ಈ ಸಲ ತುಂಬಾ ಕೆಲಸ ಇದೆ" ಎಂದುಬಿಟ್ಟೆ. ಕೆಲಸ ಏನೂ ಇಲ್ಲ.

ಕಳೆದ ವರ್ಷ ಚರ್ಚಿನ ಮಹಿಳೆಯರ ಜೊತೆ ಹತ್ತಿರದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿ ಕೇಕ್, ಪೆನ್ನು ಹಂಚಿದ್ದೆವು. ಅವತ್ತು ಬಹಳ ಖುಷಿಯಾಯಿತು. ಆಮೇಲೆ ಯೋಚಿಸಿದರೆ ಒಂದು ಮಗುವಿನ ಮುಖವೂ ನೆನಪಿಲ್ಲ. ಈ ಸಲ ಒಬ್ಬಳೇ ಹೋಗಿ ಏನಾದರೂ ಕಲಿಸೋಣ ಅಂತ ಆಸೆ. ನಾದಿನಿ, "ನಿನ್ನ ಬೇಜಾರು ಕಳೆಯೋಕೆ ಪಾಪದ ಮಕ್ಕಳು ಬೇಕಾ?" ಎಂದಳು. ಪಕ್ಕದ ಮನೆಯವರು, "ಕ್ರಿಸ್ಮಸ್ ಹೊತ್ತಿಗೇ ನೀವು ಅಲ್ಲಿಗೆ ಹೋದರೆ ಜನ ಬೇರೆಯೇ ಅರ್ಥ ಮಾಡ್ತಾರೆ, ಜಾಗ್ರತೆ" ಎಂದರು. ನನಗೆ ಪಾಠ ಮಾಡಿಯೂ ಅಭ್ಯಾಸವಿಲ್ಲ. ಹೋಗಲಾ, ಬೇಡವಾ?
— ಹೆಸರು ಬೇಡ, ಮಂಗಳೂರು

ಉತ್ತರ: ಹೋಗಿ ಮೇಡಂ. ಕೇಕ್ ಮಾತ್ರ ಬೇಡ.

ನಾದಿನಿಯವರ ಮಾತನ್ನು ಮೊದಲು ಮುಗಿಸಿಬಿಡೋಣ. ಅದೇ ನಿಮ್ಮನ್ನು ಜಾಸ್ತಿ ಚುಚ್ಚಿದ್ದು ಅಂತ ಕಾಗದ ಓದಿದರೆ ಗೊತ್ತಾಗುತ್ತದೆ. ಬೇಜಾರು ಕಳೆಯಲು ಶಾಲೆಗೆ ಹೋದರೆ ತಪ್ಪೇನು ಮಾರಾಯ್ರೆ? ದೇವಸ್ಥಾನದಲ್ಲಿ ಊಟ ಬಡಿಸಲು ನಿಲ್ಲುವವರು, ಚರ್ಚಿನ ಗಾಯನ ತಂಡಕ್ಕೆ ಸೇರುವವರು, ಯಕ್ಷಗಾನ ಸಂಘಕ್ಕೆ ಓಡಾಡುವವರು, ಇವರೆಲ್ಲ ಬರೀ ಪರೋಪಕಾರಕ್ಕೆ ಹೋಗುತ್ತಾರಾ? ಮನೆಯಲ್ಲಿ ಸುಮ್ನೆ ಕೂರಲು ಆಗುವುದಿಲ್ಲ ಅಂತಲೂ ಹೋಗುತ್ತಾರೆ. ಲೆಕ್ಕ ಬಾರದ ಹುಡುಗನಿಗೆ ಲೆಕ್ಕ ಬಂದರೆ, ನೀವು ಯಾವ ಕಾರಣಕ್ಕೆ ಬಂದಿರಿ ಎಂದು ಅವನೇನೂ ವಿಚಾರಿಸುವುದಿಲ್ಲ. ಖುಷಿ ಬೇಕು ಅಂತಲೇ ಹೋಗಿ.

ಆ ಖುಷಿ ಕಳೆದ ವರ್ಷ ಯಾಕೆ ನಿಲ್ಲಲಿಲ್ಲ? ಮಕ್ಕಳನ್ನು ಸಾಲಾಗಿ ನಿಲ್ಲಿಸಿದರು, ನೀವು ಕೊಟ್ಟಿರಿ, ಅವರು ರಾಗವಾಗಿ "ಥ್ಯಾಂಕ್ಯೂ ಮೇಡಂ" ಅಂದರು, ಫೋಟೋ ಆಯಿತು. ಹೆಸರು ಕೇಳಲೂ ಪುರುಸೊತ್ತಿರಲಿಲ್ಲ. ಕೊಡುವ ಕೈ ಯಾರದ್ದಾದರೂ ನಡೆಯುತ್ತಿತ್ತು. ನಿಮ್ಮ ಕಸಿವಿಸಿಗೆ ಕಾರಣ ಅದೇ ಅಂತ ನನಗನ್ನಿಸುತ್ತದೆ. 'ನಾಳೆ ಬರ್ತೀರಾ ಟೀಚರ್' ಅಂತ ಯಾರಾದರೂ ಕೇಳಬೇಕು. ಅದಕ್ಕೆ ನಾಳೆಯೂ ಹೋಗಬೇಕು.

ನಿಮ್ಮ ಊರಿನ ಕನ್ನಡ ಶಾಲೆಗಳಲ್ಲಿ ಈಗ ಯಾರು ಓದುತ್ತಿದ್ದಾರೆ ಗಮನಿಸಿದ್ದೀರಾ? ಊರಿನ ಮಕ್ಕಳು ಬಹುಪಾಲು ಇಂಗ್ಲಿಷ್ ಮೀಡಿಯಂಗೆ ಹೋದರು. ಎಷ್ಟೋ ಶಾಲೆಗಳ ಹಾಜರಿ ಪುಸ್ತಕ ಉಳಿದಿರುವುದು ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳಿಂದ. ಅಪ್ಪನ ಕೆಲಸ ಇನ್ನೊಂದು ಕಡೆ ಶುರುವಾದರೆ ಮಗುವಿನ ಶಾಲೆಯೂ ಬದಲಾಗುತ್ತದೆ. ಮೂರನೆಯ ಕ್ಲಾಸಿನ ತನಕ ನಲಿಕಲಿ, ಅಂದರೆ ಆಡುತ್ತಾ ಕಲಿಯುವ ಪದ್ಧತಿ. ಕಾರ್ಡು, ಕಲಿಕೆಯ ಹಂತ ತೋರಿಸುವ ಏಣಿ ಪಟ, ತಲೆಯ ಮೇಲೆ ದಾರದಲ್ಲಿ ನೇತುಹಾಕಿದ ತಮ್ಮದೇ ಚಿತ್ರಗಳು, ಗುಂಪಿನಲ್ಲಿ ಕಲಿಕೆ. ನಾಲ್ಕಕ್ಕೆ ಬಂದ ಕೂಡಲೇ ಬೆಂಚು, ಪುಸ್ತಕ, ಬೋರ್ಡು. ಮಧ್ಯೆ ಊರು ಬದಲಾಗಿ ಒಂದೆರಡು ತಿಂಗಳು ತಪ್ಪಿದ ಮಗು ಇಲ್ಲೇ ಹಿಂದೆ ಬೀಳುವುದು. ಒತ್ತಕ್ಷರ ಬಂದಲ್ಲಿ ಓದು ನಿಲ್ಲುತ್ತದೆ, ಸೊನ್ನೆ ಬಂದಲ್ಲಿ ಕಳೆಯುವ ಲೆಕ್ಕ ನಿಲ್ಲುತ್ತದೆ.

ಇಂಥದ್ದೊಂದು ಶಾಲೆಯ ಜಗಲಿಯಲ್ಲಿ ನಿವೃತ್ತರೊಬ್ಬರು ನಾಲ್ಕು ಮಕ್ಕಳನ್ನು ಕೂರಿಸಿಕೊಂಡಿದ್ದನ್ನು ನೋಡಿದ್ದೇನೆ. 403ರಿಂದ 158 ಕಳೆಯಬೇಕು. ಹುಡುಗ ಮೂರರಲ್ಲಿ ಎಂಟು ಹೋಗಲ್ಲ ಅಂದ. ಪಕ್ಕದ ಮನೆಯಿಂದ ಸಾಲ ತಗೋ ಅಂದರು ಇವರು. ಹುಡುಗ ಪಕ್ಕದ ಮನೆ ನೋಡಿದ, ಅಲ್ಲಿ ಸೊನ್ನೆ. "ಅವ್ರ ಹತ್ರನ ಏನೂ ಇಲ್ಲಲ್ರಿ ಸರ್, ಹೆಂಗ್ ಕೊಡ್ತಾರ?" ಅಂದ. ಸರ್ ನಕ್ಕುಬಿಟ್ಟರು, ಉಳಿದ ಮೂವರೂ ನಕ್ಕರು. ಹಾಗಾದರೆ ಆ ಸೊನ್ನೆಯವನು ಯಾರ ಹತ್ತಿರ ಹೋಗಬೇಕು? ಹುಡುಗ ಬಳಪದ ತುದಿಯಿಂದ ನಾಲ್ಕನ್ನು ಕುಟ್ಟುತ್ತಾ ಸ್ವಲ್ಪ ಹೊತ್ತು ಕೂತ. ಆಮೇಲೆ ನಾಲ್ಕನ್ನು ಹೊಡೆದು ಮೂರು ಬರೆದ, ಸೊನ್ನೆಯನ್ನು ಹತ್ತು ಮಾಡಿದ, ಹತ್ತನ್ನು ಒಂಬತ್ತು ಮಾಡಿದ. 245 ಬಂತು. ಬಂದದ್ದೇ ಸ್ಲೇಟು ಎತ್ತಿಕೊಂಡು ಕ್ಲಾಸ್ ಟೀಚರಿಗೆ ತೋರಿಸಲು ಓಡಿದ.

ನೀವು ಬ್ಯಾಂಕಿನಲ್ಲಿದ್ದವರು. ಸಾಲ ಯಾರು ಯಾರಿಂದ ತಂದರು ಅನ್ನುವುದನ್ನು ನಿಮಗಿಂತ ಚೆನ್ನಾಗಿ ಯಾರು ಹೇಳಿಕೊಟ್ಟಾರು? ಪಾಠ ಮಾಡಿ ಅಭ್ಯಾಸವಿಲ್ಲ ಅನ್ನುವ ಚಿಂತೆ ಬಿಡಿ. ನಲವತ್ತು ಮಕ್ಕಳ ಮುಂದೆ ನಿಂತು ಪಾಠ ಮಾಡುವುದು ಟೀಚರ ಕೆಲಸ, ಅದಕ್ಕೆ ಅವರು ಓದಿದ್ದಾರೆ. ನಾಲ್ಕು ಮಕ್ಕಳ ಜೊತೆ ನೆಲದಲ್ಲಿ ಕೂರಲು ತಾಳ್ಮೆ ಸಾಕು. ಮೊಣಕಾಲು ಬಿಡದಿದ್ದರೆ ಕುರ್ಚಿ ಕೇಳಿ, ನಾಚಿಕೆ ಬೇಡ. ಒಂದು ಮಾತು: ಶಾಲೆಯಲ್ಲಿ ಹುದ್ದೆ ಖಾಲಿಯಿದ್ದರೆ ಇಡೀ ಕ್ಲಾಸನ್ನೇ ನಿಮ್ಮ ತಲೆಗೆ ಕಟ್ಟಲು ನೋಡಬಹುದು. ಒಪ್ಪಬೇಡಿ. ಅದನ್ನು ತುಂಬಬೇಕಾದ್ದು ಸರ್ಕಾರ, ಅಲ್ಲಿಯವರೆಗೆ ಗೌರವಧನಕ್ಕೆ ದುಡಿಯುವ ಅತಿಥಿ ಶಿಕ್ಷಕರು ಇದ್ದಾರೆ. ಅವರ ಜಾಗದಲ್ಲಿ ಪುಕ್ಕಟೆ ಕೂರುವುದು ಸಹಾಯ ಅಲ್ಲ.

ಇನ್ನು ಪಕ್ಕದ ಮನೆಯವರ ಎಚ್ಚರಿಕೆ. ಅದನ್ನು ಹಗುರವಾಗಿ ತಳ್ಳಿಹಾಕುವ ಹಾಗಿಲ್ಲ, ಅವರು ನಿಮ್ಮ ಒಳ್ಳೆಯದಕ್ಕೇ ಹೇಳಿದ್ದಾರೆ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮದ ಬೋಧನೆ ಕೂಡದು ಅಂತ ಸಂವಿಧಾನದ 28ನೇ ವಿಧಿಯೇ ಹೇಳುತ್ತದೆ. ಗೆರೆ ಅಷ್ಟು ಸ್ಪಷ್ಟ ಇರುವುದು ನಿಮಗೇ ಅನುಕೂಲ. ಸಾಂತಾ ಟೋಪಿ ಬೇಡ, ಪ್ರಾರ್ಥನೆ ಬೇಡ, ಬೈಬಲ್ ಕತೆ ಬೇಡ, ಚರ್ಚಿನ ಬ್ಯಾನರ್ ಅಂತೂ ಬೇಡವೇ ಬೇಡ. ಪಕ್ಕದ ಬೀದಿಯ ನಿವೃತ್ತ ಬ್ಯಾಂಕ್ ಉದ್ಯೋಗಿಯಾಗಿ ಹೋಗಿ. ಹಾಗಂತ ಹೆಸರು ಅಡಗಿಸಿಕೊಳ್ಳಬೇಕಿಲ್ಲ, ಕೊರಳಿನ ಶಿಲುಬೆ ತೆಗೆದಿಡಬೇಕಾಗಿಯೂ ಇಲ್ಲ. ಮಕ್ಕಳು "ಕ್ರಿಸ್ಮಸ್ ನಿಮ್ಮ ಹಬ್ಬಾನಾ ಟೀಚರ್?" ಅಂತ ಕೇಳಿದರೆ ಹೌದು ಅನ್ನಿ. ಏನು ತಿಂಡಿ ಮಾಡ್ತೀರಿ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಹೇಳಿ. ಚೌತಿಗೆ ಪಕ್ಕದ ಮನೆಯಿಂದ ಕಡುಬು ಬರುವುದು, ಕ್ರಿಸ್ಮಸ್‌ಗೆ ನಿಮ್ಮ ಮನೆಯಿಂದ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳ ತಟ್ಟೆ ಹೋಗುವುದು ಮಂಗಳೂರಿಗೆ ಹೊಸದಲ್ಲ. ಶಾಲೆಗೆ ತಿಂಡಿ ಒಯ್ಯುವ ಮನಸ್ಸಾದರೆ ಮುಖ್ಯ ಶಿಕ್ಷಕರನ್ನು ಕೇಳಿ. ಅವರು ಬೇಡ ಅಂದರೆ ಬೇಸರ ಬೇಡ. ಮಕ್ಕಳು ಏನು ತಿಂದರು, ಯಾರು ಕೊಟ್ಟರು ಎಂದು ನಾಳೆ ಉತ್ತರ ಕೊಡಬೇಕಾದವರು ಅವರು.

ಮುಖ್ಯ ಶಿಕ್ಷಕರನ್ನು ನೋಡಲು ಬೆಳಿಗ್ಗೆ ಹೋಗಬೇಡಿ. ಪ್ರಾರ್ಥನೆ, ಹಾಲು, ಬಿಸಿಯೂಟದ ಅಕ್ಕಿ-ಬೇಳೆ, ಮೊಟ್ಟೆ ಲೆಕ್ಕ ಎಲ್ಲ ಅವರ ತಲೆಯ ಮೇಲೆಯೇ. ಡಿಸೆಂಬರ್ ಅಂದರೆ ಅದರ ಮೇಲೆ ಪ್ರವಾಸ, ವಾರ್ಷಿಕೋತ್ಸವ ಬೇರೆ. ಸಂಜೆ ಬೆಲ್ ಹೊಡೆದ ಮೇಲೆ ಹೋಗಿ. "ನಾನು ಇಂಥದ್ದು ಮಾಡಬೇಕು ಅಂತಿದ್ದೇನೆ" ಎಂದು ಶುರುಮಾಡದೆ, "ನಿಮಗೆ ಎಲ್ಲಿ ಕೈ ಸಾಲದು?" ಎಂದು ಕೇಳಿ. ಉತ್ತರ ನಿಮಗೆ ಇಷ್ಟವಾಗದೇ ಇರಬಹುದು. ಲೈಬ್ರರಿ ಕಪಾಟು ಬೀಗ ತೆಗೆಯದೆ ಧೂಳು ಹಿಡಿದಿದೆ, ಪುಸ್ತಕಕ್ಕೆ ನಂಬರ್ ಹಾಕಿಕೊಡಿ ಅನ್ನಬಹುದು. ಡಿಸೆಂಬರ್ 29 ಕುವೆಂಪು ಹುಟ್ಟಿದ ದಿನ, ವಿಶ್ವಮಾನವ ದಿನಾಚರಣೆ. ಅದಕ್ಕೆ ಭಾಷಣ ಮಾಡುವ ಮಕ್ಕಳಿಗೆ ಬಾಯಿಪಾಠ ಮಾಡಿಸಿ ಅನ್ನಬಹುದು. ಕೊಟ್ಟದ್ದನ್ನು ಮಾಡಿ. ಲೆಕ್ಕದ ಮಕ್ಕಳು ತಾವಾಗಿ ಸಿಗುತ್ತಾರೆ.

ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರಿಗೂ ಒಂದು ಮಾತು ಹೇಳಿ. ಆ ಸಮಿತಿಯಲ್ಲಿರುವುದು ಮಕ್ಕಳ ಅಪ್ಪ-ಅಮ್ಮಂದಿರೇ, ಅವರಿಗೆ ಗೊತ್ತಿದ್ದರೆ ಬೀದಿಯಲ್ಲಿ ಇಲ್ಲದ ಮಾತು ಹುಟ್ಟುವುದು ಕಡಿಮೆ. ಆಧಾರ್ ಪ್ರತಿ ಕೇಳಿದರೆ ಕೊಡಿ. ಶಾಲೆಗಳಿಗೆ ನೆರವಾಗುವ ಸ್ವಯಂಸೇವಕರಿಗೆಂದು ಇರುವ ಕೇಂದ್ರ ಸರ್ಕಾರದ ವಿದ್ಯಾಂಜಲಿ ಜಾಲತಾಣದಲ್ಲಿ ಹೆಸರು ಬರೆಸಿ ಎಂದರೆ ಬರೆಸಿ. ಮಕ್ಕಳಿರುವ ಜಾಗದಲ್ಲಿ ಹೊರಗಿನವರ ಬಗ್ಗೆ ಇಷ್ಟು ವಿಚಾರಿಸುವ ಶಾಲೆಯೇ ಒಳ್ಳೆಯ ಶಾಲೆ. ಟೀಚರ ಕಣ್ಣಿಗೆ ಕಾಣುವ ಕಡೆಯೇ ಕೂತುಕೊಳ್ಳಿ. ಮಕ್ಕಳ ಫೋಟೋ ತೆಗೆದು ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕಬೇಡಿ, ಮಗನಿಗೆ ಕಳಿಸಲಿಕ್ಕೂ ಬೇಡ. ಯಾವುದಾದರೂ ಮಗು ಮನೆಯ ಹೊಡೆತ-ಬಡಿತ, ಅಂಥದ್ದೇನಾದರೂ ಹೇಳಿಕೊಂಡರೆ ನೀವೇ ಪಂಚಾಯಿತಿಗೆ ಇಳಿಯದೆ ಮುಖ್ಯ ಶಿಕ್ಷಕರಿಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098 ಅನ್ನುವುದೂ ನೆನಪಿರಲಿ.

ಕ್ರಿಸ್ಮಸ್ ಮುಗಿದ ಕೂಡಲೇ ನಿಲ್ಲಿಸುವುದಾದರೆ ಮಕ್ಕಳಿಗೆ ಮೊದಲೇ ಹೇಳಿಬಿಡಿ. ನನ್ನ ಕೇಳಿದರೆ, ವಾರಕ್ಕೆ ಎರಡೇ ದಿನ ಹೋಗಿ, ವಾರ್ಷಿಕ ಪರೀಕ್ಷೆಯ ತನಕ ಹೋಗಿ. ದಿನಾ ಹೋಗುತ್ತೇನೆ ಎಂದು ಹೊರಟವರು ಸಂಕ್ರಾಂತಿ ಹೊತ್ತಿಗೆ ಸುಸ್ತಾಗಿರುತ್ತಾರೆ. ಮತ್ತೆ, ಅವರಿಗೆ ಅಜ್ಜಿಯಾಗಲು ಹೋಗಬೇಡಿ. ಅವರಿಗೆ ಅಜ್ಜಿಯರಿದ್ದಾರೆ, ಗದಗದ ಕಡೆ ಯಾವುದೋ ಹಳ್ಳಿಯಲ್ಲಿ, ನಿಮ್ಮ ಹಾಗೆಯೇ ಫೋನಿಗೆ ಕಾಯುತ್ತಾ. ನೀವು ಲೆಕ್ಕದ ಟೀಚರ್ ಆದರೆ ಸಾಕು.

ಈಗ ನೀವು ಕೇಳದ ವಿಷಯ. ನಿಮಗೆ ಯಾವ ದಿನದ ಭಯವೋ ಆ ದಿನ ಶಾಲೆಗೆ ರಜೆ. ಡಿಸೆಂಬರ್ 24ರ ರಾತ್ರಿ ಪೂಜೆ ಮುಗಿಸಿ ಮನೆಗೆ ಬಂದು ಬೀಗ ತೆಗೆಯುವಾಗ, 25ರ ಮಧ್ಯಾಹ್ನ ಊಟಕ್ಕೆ ಕೂರುವಾಗ ಯಾವ ಸರ್ಕಾರಿ ಶಾಲೆಯೂ ನಿಮ್ಮ ಜೊತೆ ಇರುವುದಿಲ್ಲ. ಮಗನಿಗೆ "ಕೆಲಸ ಇದೆ" ಅಂದಿರಲ್ಲ, ಆ ಮಾತನ್ನು ನಿಜ ಮಾಡಿ ತೋರಿಸಲು ಈ ಶಾಲೆ ಅಂತಾದರೆ ಅದು ಸಾಲದು. ಅಮ್ಮನಿಗೆ ತುಂಬಾ ಕೆಲಸ ಎಂದು ನಂಬಿ ಅವನು ಅಲ್ಲಿ ಆರಾಮಾಗಿದ್ದಾನೆ, ನೀವು ಇಲ್ಲಿ ಕೊರಗುತ್ತಿದ್ದೀರಿ. ಇವತ್ತೇ ಫೋನ್ ಮಾಡಿ. "ಅವತ್ತು ಸುಳ್ಳು ಹೇಳಿದೆ ಪುತಾ, ನೀವ್ಯಾರೂ ಬರದಿರುವುದು ನನಗೆ ಬೇಜಾರಾಗಿದೆ" ಅನ್ನಿ. ದೂರಬೇಡಿ, ಟಿಕೆಟ್ ಮಾಡು ಅನ್ನಬೇಡಿ. ಇಷ್ಟು ಹೇಳಿದರೆ 25ರ ಮಧ್ಯಾಹ್ನ ಇಬ್ಬರೂ ವಿಡಿಯೋ ಕರೆಯಲ್ಲಿ ಹೆಚ್ಚು ಹೊತ್ತು ಕೂತಾರು. ಕೆನಡಾದಲ್ಲಿ ಆಗ ನಡುರಾತ್ರಿಯಾದರೂ ಮಗಳು ಎದ್ದು ಕೂತಾಳು.

ಕುಸ್ವಾರ್ ಮಾಡುವುದನ್ನು ಈ ಸಲ ಬಿಡಬೇಡಿ. ಎಲ್ಲ ಬಗೆ ಬೇಡ, ಕಿಡಿಯೊ, ನೆವ್ರಿ ಎರಡೇ ಸಾಕು. ಹಿಟ್ಟು ನಾದಿ, ಒಂದೊಂದೇ ಕಿಡಿಯೊ ಬಾಚಣಿಗೆ ಮೇಲೆ ಒತ್ತಿ ಸುರುಳಿ ಮಾಡುವುದು ಒಬ್ಬರಿಂದ ಆಗುವ ಕೆಲಸವೂ ಅಲ್ಲ. ಹಾಗಾಗಿ ಆ ನಾದಿನಿಯನ್ನೇ ಕರೆಯಿರಿ, 25ರ ಊಟಕ್ಕೂ ಹೇಳಿ. ಬಾಯಿ ಸ್ವಲ್ಪ ಜೋರಿರಬಹುದು. ಆದರೆ ನಿಮಗೆ ಬೇಜಾರಾಗಿದೆ ಅಂತ ನೀವು ಹೇಳದೆ ಅರ್ಥ ಮಾಡಿಕೊಂಡವರು ಅವರೊಬ್ಬರೇ.