ಒಂಬತ್ತು ಪತ್ರ ಬರೆದೆವು, ಒಂದೂ ಅಚ್ಚಾಗಲಿಲ್ಲ

ದಿನಪತ್ರಿಕೆಯೊಂದರಲ್ಲಿ ವಾಚಕರ ಪತ್ರಗಳ ಪುಟವನ್ನು 19 ವರ್ಷ ನೋಡಿಕೊಂಡವಳು ನಾನು. ಹೋದ ಸಂಚಿಕೆಯಲ್ಲಿ ಮಾತಿನ ನಡುವೆ ಅದನ್ನು ಹೇಳಿದ್ದೆ. ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ಅದರ ಬಗ್ಗೆಯೇ. ಹಾಗಾಗಿ ಈ ತಿಂಗಳು ಬೇರೆ ವಿಷಯ ಬೇಡ.

ಪ್ರಶ್ನೆ: ಮೇಡಂ, ವೃದ್ಧಾಪ್ಯ ಪಿಂಚಣಿ ಹೆಚ್ಚಿಸಬೇಕೆಂದು ನಮ್ಮ ಸಂಘ ಹೋರಾಟ ಮಾಡುತ್ತಿದೆ. ಒಂದು ವರ್ಷದಲ್ಲಿ ಪತ್ರಿಕೆಗಳಿಗೆ ಒಂಬತ್ತು ಪತ್ರ ಬರೆದೆವು. ಒಂದೂ ಅಚ್ಚಾಗಲಿಲ್ಲ. ಪತ್ರಿಕೆಯವರು ಸರ್ಕಾರಕ್ಕೆ ಹೆದರುತ್ತಾರಾ? ಇಲ್ಲ, ನಮ್ಮ ಬರವಣಿಗೆಯೇ ಸರಿ ಇಲ್ವಾ?
— ನಿವೃತ್ತ ಶಿಕ್ಷಕಿ

ಉತ್ತರ: ಪ್ರಶ್ನೆಯ ಜೊತೆಗೆ ಮೂರು ಪತ್ರಗಳ ನಕಲನ್ನೂ ಕಳಿಸಿದ್ದು ಒಳ್ಳೆಯದಾಯಿತು. ಮೂರನ್ನೂ ಎರಡೆರಡು ಸಲ ಓದಿದೆ. ಭಾಷೆ ಚೆನ್ನಾಗಿದೆ. ಕಾಗುಣಿತದ ತಪ್ಪು ಒಂದೂ ಇಲ್ಲ. ಆದರೆ ಮೂರೂ ಶುರುವಾಗುವುದು "ಹಿರಿಯ ನಾಗರಿಕರು ಸಮಾಜದ ಆಸ್ತಿ" ಎಂದು. ಮುಗಿಯುವುದು "ಸಂಬಂಧಪಟ್ಟವರು ಕೂಡಲೇ ಇತ್ತ ಗಮನ ಹರಿಸಬೇಕು" ಎಂದು. ನಡುವೆ ಸಂಘದ ಏಳು ಬೇಡಿಕೆಗಳು, ಮೂರರಲ್ಲೂ ಅದೇ ಕ್ರಮದಲ್ಲಿ.

ನನ್ನ ಮೇಜಿನ ಮೇಲೆ ಬೆಳಿಗ್ಗೆ ಪತ್ರಗಳ ರಾಶಿ ಬಂದು ಬೀಳುತ್ತಿತ್ತು. ಪುಟದಲ್ಲಿ ಜಾಗ ಇರುತ್ತಿದ್ದುದು ಐದಾರಕ್ಕೆ. ಮೊದಲ ಎರಡು ಸಾಲು ಓದುತ್ತಿದ್ದೆ. ಮತ್ತೆ ಓದಬೇಕು ಅನ್ನಿಸಿದ್ದನ್ನು ಎಡಕ್ಕೆ ಇಡುತ್ತಿದ್ದೆ, ಉಳಿದದ್ದು ಬಲಕ್ಕೆ. ಹಿರಿಯರು ಸಮಾಜದ ಆಸ್ತಿ ಅಲ್ಲ ಅನ್ನುವವರು ಯಾರಿದ್ದಾರೆ ಹೇಳಿ? ಎಲ್ಲರೂ ಒಪ್ಪಿದ ಮಾತನ್ನು ಮತ್ತೆ ಹೇಳುವ ಪತ್ರ ಬಲಕ್ಕೆ ಹೋಗುತ್ತಿತ್ತು. ಅದನ್ನು ಬರೆದವರ ಶ್ರಮ ನನಗೆ ಗೊತ್ತಿತ್ತು. ಇಡುವಾಗ ಬೇಸರವೂ ಆಗುತ್ತಿತ್ತು. ಆದರೂ ಹೋಗುತ್ತಿತ್ತು.

ಇನ್ನೊಂದು ವಿಷಯ. ನಿಮ್ಮ ಪತ್ರಗಳಲ್ಲಿ ಆ ಪತ್ರಿಕೆಯ ಸುಳಿವೇ ಇಲ್ಲ. ಅದರಲ್ಲಿ ಬಂದ ಯಾವ ವರದಿ, ಯಾವ ಸಂಪಾದಕೀಯ ಓದಿ ನೀವು ಬರೆದಿರಿ ಎಂಬುದು ಗೊತ್ತಾಗುವುದಿಲ್ಲ. ಆ ಪುಟ ಇರುವುದೇ ಓದಿದವರು ಮಾತಾಡಲಿ ಎಂದು. ಪಿಂಚಣಿಯ ಸುದ್ದಿ ಬಂದ ದಿನವೇ ಬರೆಯಿರಿ, ತಪ್ಪಿದರೆ ಮರುದಿನ. ಸುದ್ದಿಯ ತಲೆಬರಹ, ದಿನಾಂಕ ಮೊದಲ ಸಾಲಿನಲ್ಲೇ ಇರಲಿ. ವಾರ ಕಳೆದರೆ ಸುದ್ದಿ ಆರಿಹೋಗಿರುತ್ತದೆ.

ಉದ್ದ ಕೂಡ ಜಾಸ್ತಿಯಾಯಿತು. ಹೆಚ್ಚಿನ ಪತ್ರಿಕೆಗಳು 150ರಿಂದ 200 ಪದಗಳ ಪತ್ರ ಬಯಸುತ್ತವೆ. ನಿಮ್ಮದು 400 ದಾಟಿದೆ. ಏಳು ಬೇಡಿಕೆ ಇದ್ದರೆ ಅದು ಏಳು ಪತ್ರಗಳಿಗೆ ಆಗುವ ವಿಷಯ. ಒಂದಕ್ಕೆ ಒಂದೇ.

ನನಗೆ ಈಗಲೂ ಮರೆಯದ ಒಂದು ಪತ್ರದ ಬಗ್ಗೆ ಹೇಳುತ್ತೇನೆ. ಅದೂ ಪಿಂಚಣಿಯದೇ. ಗೆರೆ ಇಲ್ಲದ ಬಿಳಿ ಹಾಳೆ, ನೀಲಿ ಶಾಯಿ. ಸಾಲುಗಳು ಎಡದಿಂದ ಹೊರಟು ಬಲಕ್ಕೆ ಹೋಗುವ ಹೊತ್ತಿಗೆ ಕೆಳಗಿಳಿದಿದ್ದವು. ಒಂದೊಂದು ಅಕ್ಷರವೂ ನಡುಗಿತ್ತು. ಬರೆದಿದ್ದವರ ಕೈ ನಡುಗುವ ಕಾರಣಕ್ಕೆ ಸಹಿ ಹಳೆಯ ಸಹಿಗೆ ಹೊಂದುತ್ತಿಲ್ಲವಂತೆ. ಪಿಂಚಣಿ ಕೊಡದೆ ಮೂರು ಸಲ ಕೌಂಟರಿನಿಂದ ವಾಪಸ್ ಕಳಿಸಿದ್ದರು. ಮೂರನೆಯ ಸಲ ಅವರು ಹಿಂದಿನ ರಾತ್ರಿ ಕೂತು ಹಳೇ ಕಾಗದದ ಮೇಲೆ ನಲವತ್ತು ಸಲ ಸಹಿ ಹಾಕಿ ಅಭ್ಯಾಸ ಮಾಡಿಕೊಂಡು ಹೋಗಿದ್ದರು. ಕೊನೆಯ ಸಾಲು ಹೀಗಿತ್ತು: "ಮುದುಕರ ಕೈ ನಡುಗುತ್ತೆ ಅಂತ ಗೊತ್ತಿದ್ದೇ ತಾನೇ ಮುದುಕರಿಗೆ ಪಿಂಚಣಿ ಕೊಡೋದು?"

ಎಣಿಸಿದರೆ ನೂರು ಪದವೂ ಇರಲಿಲ್ಲ. ನಾನು ಒಂದು ಅಕ್ಷರ ಮುಟ್ಟಲಿಲ್ಲ, ಪುಟದ ಮೇಲ್ಗಡೆ ಹಾಕಿದೆ. ಆ ವಾರ ಪಿಂಚಣಿಯ ಬಗ್ಗೆ ಬಂದಷ್ಟು ಪತ್ರ ಹಿಂದೆ ಯಾವತ್ತೂ ಬಂದಿರಲಿಲ್ಲ. "ನಮ್ಮ ತಾಯಿಗೂ ಹೀಗೇ ಮಾಡಿದರು" ಎಂದು ಬರೆದವರೇ ಜಾಸ್ತಿ. ಒಬ್ಬ ವೈದ್ಯರು ಕೈ ನಡುಕ ಯಾಕೆ ಬರುತ್ತದೆ ಎಂದು ವಿವರಿಸಿದರು. ಕೌಂಟರಿನಲ್ಲಿ ಕೂತು ಕೆಲಸ ಮಾಡುವವರೊಬ್ಬರು ಬರೆದರು. ತಪ್ಪಾಗಿ ಹಣ ಕೊಟ್ಟರೆ ತಮ್ಮ ಸಂಬಳದಿಂದ ಹಿಡಿಯುತ್ತಾರೆ, ಅದಕ್ಕೇ ಹೆದರಿಕೆ ಎಂದು. ಅಲ್ಲಿಯವರೆಗೆ ಪಿಂಚಣಿಯ ಬಗ್ಗೆ ಯೋಚನೆಯನ್ನೇ ಮಾಡದವರು ಯೋಚಿಸಿದರು ನೋಡಿ. ನಿಮ್ಮ ಪತ್ರ ಬರೆಯಬೇಕಾದದ್ದು ಅವರಿಗೆ. ನಿಮ್ಮ ಸಂಘದವರು ಹೇಗೂ ನಿಮ್ಮ ಕಡೆ ಇದ್ದಾರೆ.

ನಿಮ್ಮ ಎರಡನೆಯ ಪತ್ರದ ಕೊನೆಯ ಪುಟದಲ್ಲಿ, ಐದನೆಯ ಬೇಡಿಕೆಯ ಕೆಳಗೆ, ಒಂದು ಸಾಲು ಇದೆ: "ನಮ್ಮ ಸದಸ್ಯರೊಬ್ಬರು ರಕ್ತದೊತ್ತಡದ ಮಾತ್ರೆಯನ್ನು ಅರ್ಧ ಮಾಡಿ ನುಂಗಿ ತಿಂಗಳು ತಳ್ಳುತ್ತಿದ್ದಾರೆ." ಇಂಥ ಸಾಲನ್ನು ಯಾಕೆ ಅಷ್ಟು ಕೆಳಗೆ ಹೂತುಹಾಕಿದಿರಿ? ಅವರ ಒಪ್ಪಿಗೆ ಕೇಳಿ. ಒಪ್ಪಿದರೆ ಪತ್ರವನ್ನು ಅಲ್ಲಿಂದಲೇ ಶುರು ಮಾಡಿ. ಆಮೇಲೆ ಪಿಂಚಣಿ ಎಷ್ಟಾಗಬೇಕು, ಅದನ್ನು ಯಾರು ತೀರ್ಮಾನಿಸಬೇಕು ಎಂದು ಒಂದೆರಡು ಸಾಲಿನಲ್ಲಿ ಹೇಳಿ ಮುಗಿಸಿ.

ಹೆದರಿಕೆಯ ಮಾತು ಕೇಳಿದ್ದೀರಿ. ಪತ್ರಿಕೆಗಳಿಗೆ ಒಲವು ಇರುವುದು ನಿಜ, ಇಲ್ಲ ಎನ್ನಲಾರೆ. ಆದರೂ ಪತ್ರಿಕೆಗೆ ಹಿಡಿಸದ ಅಭಿಪ್ರಾಯ ಒಳಗೆ ಬರಲು ಇರುವ ಸುಲಭದ ಬಾಗಿಲು ವಾಚಕರ ಪುಟವೇ. ನಾನು ಎಷ್ಟೋ ಸಲ ನಮ್ಮ ಸಂಪಾದಕೀಯವನ್ನೇ ಬೈದ ಪತ್ರ ಹಾಕಿದ್ದೇನೆ. ಸಂಪಾದಕರು ಬೇಡ ಎಂದಿಲ್ಲ.

ಪ್ರಶ್ನೆ: ನಮ್ಮ ಪಕ್ಷದ ಕಚೇರಿಯಿಂದ ಪತ್ರ ಸಿದ್ಧ ಮಾಡಿ ಕೊಡುತ್ತಾರೆ. ನಾವು ಹೆಸರು, ವಿಳಾಸ ಹಾಕಿ ಕಳಿಸುತ್ತೇವೆ. ಅದರಲ್ಲಿರುವ ಮಾತನ್ನು ನಾವು ಒಪ್ಪುತ್ತೇವೆ ಅಂದಮೇಲೆ ತಪ್ಪೇನು?
— ಯುವ ಕಾರ್ಯಕರ್ತ

ಉತ್ತರ: ತಪ್ಪು ಇದೆ. 2003ರ ಒಂದು ಘಟನೆ ಕೇಳಿ. ಇರಾಕಿನ ಕಿರ್ಕುಕ್‌ನಲ್ಲಿದ್ದ ಅಮೆರಿಕದ ಸೈನಿಕರ ಪತ್ರಗಳು ಅವರವರ ಊರಿನ ಪತ್ರಿಕೆಗಳಲ್ಲಿ ಬಂದವು. ಅಲ್ಲಿ ಕೆಲಸ ಚೆನ್ನಾಗಿ ನಡೆಯುತ್ತಿದೆ, ಜನ ನಮ್ಮನ್ನು ಸ್ವಾಗತಿಸುತ್ತಿದ್ದಾರೆ ಎಂಬ ಪತ್ರ. ಆಮೇಲೆ ನೋಡಿದರೆ 11 ಪತ್ರಿಕೆಗಳಲ್ಲಿ ಬಂದದ್ದು ಒಂದೇ ಪತ್ರ, ಪದಕ್ಕೆ ಪದ ಅದೇ. ಕೆಳಗಿನ ಹೆಸರು ಮಾತ್ರ ಬೇರೆ. ಪತ್ರಕರ್ತರು ಕೆಲವು ಸೈನಿಕರನ್ನೂ ಅವರ ಮನೆಯವರನ್ನೂ ವಿಚಾರಿಸಿದರು. ಪತ್ರದ ಮಾತು ಒಪ್ಪುತ್ತೇವೆ, ಬರೆದದ್ದು ಮಾತ್ರ ನಾವಲ್ಲ ಎಂಬ ಉತ್ತರ ಬಂತು. ಒಬ್ಬರಂತೂ ಸಹಿಯನ್ನೇ ಹಾಕಿರಲಿಲ್ಲ.

ಆ ಸೈನಿಕರಲ್ಲಿ ಕೆಲವರು ಕಣ್ಣಾರೆ ಕಂಡ ಒಳ್ಳೆಯ ಕೆಲಸ ನಿಜವಾಗಿಯೂ ಇದ್ದಿರಬಹುದು. ಅದನ್ನು ಅವರೇ ಬರೆದಿದ್ದರೆ ಜನ ಕೇಳುತ್ತಿದ್ದರು. ಪತ್ರ ಎರವಲು ಎಂದು ಗೊತ್ತಾದ ಮೇಲೆ ಅದರೊಳಗಿನ ನಿಜವನ್ನೂ ಯಾರೂ ನಂಬಲಿಲ್ಲ. ನಿಮ್ಮ ಕಚೇರಿಯಿಂದ ಮಾಹಿತಿ ತಗೊಳ್ಳಿ, ಅಂಕಿಅಂಶ ತಗೊಳ್ಳಿ, ಯಾವ ದಿನ ಬರೆಯಬೇಕೆಂದು ಕೇಳಿಕೊಳ್ಳಿ. ಮಾತು ನಿಮ್ಮದೇ ಇರಬೇಕು. ಮತ್ತೆ, ನೀವು ಪಕ್ಷದ ಕಾರ್ಯಕರ್ತರು ಎಂಬುದನ್ನು ಪತ್ರದಲ್ಲೇ ಹೇಳಿಬಿಡಿ. ಮುಚ್ಚಿಟ್ಟು ಆಮೇಲೆ ಹೊರಬಂದರೆ ನಿಮಗೂ ಕಷ್ಟ, ನಿಮ್ಮನ್ನು ನಂಬಿ ಅಚ್ಚು ಮಾಡಿದ ಪುಟದವರಿಗೂ ಕಷ್ಟ.

ಪ್ರಶ್ನೆ: ನಮ್ಮ ಹೋರಾಟವನ್ನು ಹೀಗಳೆದು ಒಬ್ಬ ದೊಡ್ಡ ಮನುಷ್ಯರು ಪತ್ರ ಬರೆದಿದ್ದಾರೆ. ಓದಿ ಮೈ ಉರಿದುಹೋಯಿತು. ಒಂದೊಂದು ಮಾತಿಗೂ ಉತ್ತರ ಕೊಡಬೇಕೆಂದಿದ್ದೇನೆ.
— ಮಹಿಳಾ ಸಂಘಟನೆಯ ಸದಸ್ಯೆ

ಉತ್ತರ: ಮೊದಲು ಎಲ್ಲವನ್ನೂ ಬರೆದು ಸಿಟ್ಟು ಇಳಿಸಿಕೊಳ್ಳಿ. ಅದನ್ನು ಕಳಿಸಬೇಡಿ.

ಬ್ರಿಟನ್ನಿನಲ್ಲಿ ಹೆಂಗಸರು ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಕಾಲ. 1912ರ ಮಾರ್ಚ್ 28ರಂದು 'ದಿ ಟೈಮ್ಸ್' ಪತ್ರಿಕೆಯಲ್ಲಿ ಸರ್ ಆಲ್ಮ್‌ರಾತ್ ರೈಟ್ ಎಂಬ ಹೆಸರಾಂತ ವೈದ್ಯ ವಿಜ್ಞಾನಿಯ ಪತ್ರ ಬಂತು. ಉದ್ದ ಮೂರು ಕಾಲಮ್ಮಿಗಿಂತ ಜಾಸ್ತಿ. ಹೆಂಗಸರ ದೇಹದ ಸ್ಥಿತಿಯಿಂದಾಗಿ ಅವರ ಮನಸ್ಸು ಸ್ಥಿರವಾಗಿರುವುದಿಲ್ಲ, ಅವರಿಗೆ ಮತ ಕೊಡಬಾರದು ಎಂಬುದು ಅವರ ವಾದ. ಎರಡೇ ದಿನಕ್ಕೆ, 30ನೇ ತಾರೀಖು, ಒಂದು ಚಿಕ್ಕ ಉತ್ತರ ಅಚ್ಚಾಯಿತು. ಇವರ ಪತ್ರ ಓದಿದ ಮೇಲೆ, ಹೆಂಗಸರಿಗೆ ಮತ ಬೇಕೇ ಎಂಬುದು ಪ್ರಶ್ನೆಯೇ ಅಲ್ಲ, ಹೆಂಗಸರನ್ನೇ ಪೂರ್ತಿ ಇಲ್ಲವಾಗಿಸಬಾರದೇಕೆ ಎಂಬುದೇ ಪ್ರಶ್ನೆ ಎಂದು ಅದರಲ್ಲಿತ್ತು. ಕೆಳಗೆ ಸಹಿಯ ಜಾಗದಲ್ಲಿ ಮೂರು ಅಕ್ಷರ, ಜೊತೆಗೆ 'ಅಳಿಯಲಿರುವವರಲ್ಲಿ ಒಬ್ಬಳು' ಎಂಬ ಅರ್ಥದ ಮಾತು. ಬರೆದವರು ಕ್ಲೆಮೆಂಟೈನ್ ಚರ್ಚಿಲ್, ಆಗ ನೌಕಾಪಡೆಯ ಮಂತ್ರಿಯಾಗಿದ್ದ ವಿನ್‌ಸ್ಟನ್ ಚರ್ಚಿಲ್ ಅವರ ಹೆಂಡತಿ.

ಅವರು ಆ ವೈದ್ಯರ ಮಾತಿಗೆ ಒಂದೊಂದಾಗಿ ಉತ್ತರ ಕೊಡಲಿಲ್ಲ. ಒಂದು ಎಳೆ ಹಿಡಿದು ಅದರ ತುದಿಯವರೆಗೆ ಎಳೆದರು. ಆ ವಾದ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ಓದಿದವರಿಗೆ ತಾನೇ ಕಂಡಿತು. ನಿಮಗೂ ಹೇಳುವುದು ಅದನ್ನೇ. ಎದುರಾಳಿಯ ಪತ್ರದಲ್ಲಿ ಎಲ್ಲಕ್ಕಿಂತ ದುರ್ಬಲವಾದ ಒಂದು ಮಾತು ಹುಡುಕಿ. ಅವರ ವಯಸ್ಸು, ಮನೆತನ, ಹಳೇ ಕಥೆ ಯಾವುದೂ ಬೇಡ. ಮತ್ತೆ, ಒಂದೇ ಉತ್ತರ. ಅವರು ತಿರುಗಿ ಬರೆದರೆ ಇನ್ನೊಬ್ಬ ಸದಸ್ಯೆ ಬರೆಯಲಿ.

ಪ್ರಶ್ನೆ: ಹೆಸರಿಲ್ಲದೆ ಬರೆಯಬಹುದಾ? ನೌಕರಿಯ ಭಯ ಇದೆ.
— ಹೆಸರು ಬೇಡ ಎಂದಿರುವ ಓದುಗರು

ಉತ್ತರ: ಹಿಂದೆ ಇದು ಸಾಮಾನ್ಯವಾಗಿತ್ತು. 1787–88ರಲ್ಲಿ ಅಮೆರಿಕದ ಸಂವಿಧಾನವನ್ನು ಒಪ್ಪಿಕೊಳ್ಳಿ ಎಂದು ನ್ಯೂಯಾರ್ಕ್ ರಾಜ್ಯದ ಜನರನ್ನು ಕೋರುತ್ತಾ ಮೂವರು ಸೇರಿ 85 ಬರಹ ಬರೆದರು. ಹೆಚ್ಚಿನವು ಮೊದಲು ಬಂದದ್ದು ಪತ್ರಿಕೆಗಳಲ್ಲೇ. ಎಲ್ಲದರ ಕೆಳಗೂ 'ಪಬ್ಲಿಯಸ್' ಎಂಬ ಒಂದೇ ಸುಳ್ಳು ಹೆಸರು. ಈಗ ಹಾಗಲ್ಲ. ಪತ್ರಿಕೆಗೆ ನಿಮ್ಮ ಹೆಸರು, ವಿಳಾಸ, ಫೋನ್ ನಂಬರ್ ಬೇಕು. ನೀವೇ ಬರೆದಿರಾ ಎಂದು ಫೋನ್ ಮಾಡಿ ಕೇಳುತ್ತಾರೆ. ಕಾರಣ ಗಟ್ಟಿಯಾಗಿದ್ದರೆ ಕೆಲವರು ಹೆಸರು ಅಚ್ಚು ಮಾಡದೆ ಬಿಡುತ್ತಾರೆ. ಪತ್ರ ಕಳಿಸುವ ಮೊದಲೇ ಕೇಳಿ. ಆಗುವುದಿಲ್ಲ ಎಂದರೆ ಸುಮ್ನೆ ನೌಕರಿಯನ್ನು ಪಣಕ್ಕಿಡಬೇಡಿ. ವಿಷಯವನ್ನು ವರದಿಗಾರರಿಗೆ ತಿಳಿಸಿ.

ಪ್ರಶ್ನೆ: ಒಬ್ಬ ಅಧಿಕಾರಿ ಲಂಚ ತಿನ್ನುತ್ತಾರೆ ಎಂದು ಹೆಸರು ಹಾಕಿ ಬರೆದಿದ್ದೆ. ಹೆಸರು ಕತ್ತರಿಸಿ, ಪತ್ರ ಅರ್ಧ ಮಾಡಿ ಹಾಕಿದ್ದಾರೆ. ಇದು ಅನ್ಯಾಯ ಅಲ್ವಾ?
— ಗುತ್ತಿಗೆದಾರ

ಉತ್ತರ: ಉದ್ದ ಕತ್ತರಿಸುವುದು ಅವರ ಕೆಲಸ. ಅರ್ಥ ಬದಲಾಗಿದ್ದರೆ ಮಾತ್ರ ಫೋನ್ ಮಾಡಿ ಜಗಳ ಮಾಡಿ.

ಹೆಸರಿನ ಮಾತು ಬೇರೆ. ಆರೋಪ ಸಾಬೀತಾಗದಿದ್ದರೆ ಮಾನನಷ್ಟದ ಮೊಕದ್ದಮೆ ಬರೆದವರ ಮೇಲೂ ಬರುತ್ತದೆ, ಅಚ್ಚು ಮಾಡಿದವರ ಮೇಲೂ ಬರುತ್ತದೆ. ಹೆಸರು ಹಿಡಿದು ಬರೆದ ದೊಡ್ಡವರೂ ಇದ್ದಾರೆ. 1898ರ ಜನವರಿ 13ರಂದು ಫ್ರಾನ್ಸಿನ 'ಲೊರೋರ್' ಪತ್ರಿಕೆಯ ಮುಖಪುಟದಲ್ಲಿ ಕಾದಂಬರಿಕಾರ ಎಮಿಲ್ ಜೋಲಾ ಅಧ್ಯಕ್ಷರಿಗೆ ಬಹಿರಂಗ ಪತ್ರ ಬರೆದರು. ಡ್ರೇಫಸ್ ಎಂಬ ಯಹೂದಿ ಕ್ಯಾಪ್ಟನ್‌ಗೆ ಗೂಢಚಾರ ಎಂದು ಸುಳ್ಳು ಶಿಕ್ಷೆ ಕೊಟ್ಟಿದ್ದಾರೆ ಎಂದು ಸೇನಾಧಿಕಾರಿಗಳ ಹೆಸರು ಹೇಳಿಯೇ ಆರೋಪಿಸಿದರು. ಯಾವ ಕಾನೂನಿನಲ್ಲಿ ತಮ್ಮ ಮೇಲೆ ಕೇಸು ಹಾಕಬಹುದು ಎಂಬುದನ್ನೂ ಅದೇ ಪತ್ರದಲ್ಲಿ ಬರೆದಿದ್ದರು. ಒಂದು ವರ್ಷ ಜೈಲು, 3,000 ಫ್ರಾಂಕ್ ದಂಡ ಎಂದು ತೀರ್ಪಾಯಿತು. ಅವರು ಇಂಗ್ಲೆಂಡಿಗೆ ಹೊರಟುಹೋಗಬೇಕಾಯಿತು. ಡ್ರೇಫಸ್ ನಿರ್ದೋಷಿ ಎಂದು ನ್ಯಾಯಾಲಯ ಹೇಳಿದ್ದು 1906ರಲ್ಲಿ. ಜೋಲಾ ತೀರಿಕೊಂಡು ಆಗಲೇ ನಾಲ್ಕು ವರ್ಷ.

ಜೋಲಾಗೆ ಎದುರಾಗುವುದು ಏನೆಂದು ಗೊತ್ತಿತ್ತು. ನಿಮ್ಮ ಕೈಯಲ್ಲಿ ರಸೀದಿ, ದಾಖಲೆ, ಸಾಕ್ಷಿ ಏನಿದೆ? ಇದ್ದರೆ ಅದನ್ನು ದೂರಾಗಿ ಕೊಡಿ. ದೂರು ಕೊಟ್ಟು ಇಷ್ಟು ದಿನವಾದರೂ ವಿಚಾರಣೆಯಾಗಿಲ್ಲ ಎಂದು ಆಮೇಲೆ ಪತ್ರ ಬರೆಯಿರಿ. ಅದನ್ನು ಅಚ್ಚು ಮಾಡಲು ಪತ್ರಿಕೆಯವರೂ ಅಷ್ಟು ಹಿಂಜರಿಯುವುದಿಲ್ಲ.

ಪ್ರಶ್ನೆ: ಇನ್ನೊಂದೇ ಪ್ರಶ್ನೆ ಮೇಡಂ. ಅಚ್ಚಾಯಿತು ಅಂತಲೇ ಇಟ್ಟುಕೊಳ್ಳಿ. ಒಂದು ಪತ್ರದಿಂದ ಏನಾದರೂ ಬದಲಾಗುತ್ತದಾ?
— ಮೇಲಿನ ಶಿಕ್ಷಕಿಯೇ

ಉತ್ತರ: 1893ರಲ್ಲಿ 23 ವರ್ಷದ ಒಬ್ಬ ವಕೀಲ ದಕ್ಷಿಣ ಆಫ್ರಿಕಾದ ಡರ್ಬನ್‌ಗೆ ಬಂದಿಳಿದ. ಬಂದ ಕೆಲವೇ ದಿನಕ್ಕೆ ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟರು ಪೇಟ ತೆಗೆ ಎಂದರು. ಆತ ತೆಗೆಯಲಿಲ್ಲ, ಎದ್ದು ಹೊರಗೆ ಬಂದ. ಆಮೇಲೆ ಪತ್ರಿಕೆಗೆ ಬರೆದ. 'ಬೇಡದ ಅತಿಥಿ' ಎಂದು ಅಲ್ಲಿನ ಪತ್ರಿಕೆಯವರು ಬರೆದರು. ಕೆಲವರು ಬೈದರು, ಕೆಲವರು ಜೊತೆಗೆ ನಿಂತರು. ಪೇಟದ ಪ್ರಶ್ನೆ ಅಲ್ಲಿಗೆ ಬಗೆಹರಿಯಲಿಲ್ಲ. ಆದರೆ ಬಂದು ವಾರ ಕಳೆಯುವುದರೊಳಗೆ ಮೋಹನದಾಸ ಗಾಂಧಿ ಎಂಬ ಹೆಸರು ಜನರಿಗೆ ಗೊತ್ತಾಯಿತು.

ಮರುವರ್ಷ ಭಾರತೀಯರ ಮತದಾನದ ಹಕ್ಕು ಕಿತ್ತುಕೊಳ್ಳುವ ಮಸೂದೆ ಬಂತು. ಗಾಂಧಿಯವರ ಕಣ್ಣಿಗೆ ಅದು ಬಿದ್ದದ್ದು ಪತ್ರಿಕೆಯ ಮೂಲೆಯ ಪುಟ್ಟ ಸುದ್ದಿಯಾಗಿ, ಅವರದೇ ಬೀಳ್ಕೊಡುಗೆಯ ದಿನ. ಊರಿಗೆ ಹೋಗುವುದನ್ನು ಬಿಟ್ಟು ನಿಂತರು. ಸುಮಾರು 10,000 ಸಹಿಯ ಮನವಿ ಸಿದ್ಧವಾಯಿತು, ಅದರ ಪ್ರತಿಗಳು ಪತ್ರಿಕೆಗಳಿಗೂ ಹೋದವು. ಲಂಡನ್ನಿನ 'ಟೈಮ್ಸ್' ಕೂಡ ಬೆಂಬಲಿಸಿತು. ಮಸೂದೆಗೆ ಬ್ರಿಟಿಷ್ ಸರ್ಕಾರದ ಒಪ್ಪಿಗೆ ಸಿಗಲಿಲ್ಲ. ಆದರೆ 1896ರಲ್ಲಿ ಅದನ್ನೇ ಬೇರೆ ಮಾತಿನಲ್ಲಿ ಬರೆದು ಪಾಸು ಮಾಡಿಕೊಂಡರು. ನಿಮಗೆ ಸಿಹಿ ಸುದ್ದಿ ಮಾತ್ರ ಹೇಳಲು ನನಗೆ ಮನಸ್ಸಿಲ್ಲ, ಅದಕ್ಕೇ ಇದನ್ನೂ ಹೇಳಿದೆ.

ನಿಮ್ಮ ಸಂಘದ ಆ ಸದಸ್ಯರು ಒಪ್ಪಿದರೆ ಮಾತ್ರೆಯ ಸಾಲಿನಿಂದ ಹತ್ತನೆಯ ಪತ್ರ ಶುರು ಮಾಡಿ. ಕಳಿಸುವ ಮೊದಲು ನನಗೊಂದು ಪ್ರತಿ ಹಾಕಿ. ಅದೇ ದಿನ ಓದಿ ಉತ್ತರ ಬರೆಯುತ್ತೇನೆ.