ಕ್ಯಾಲಿಫೋರ್ನಿಯಾದಲ್ಲಿ ಲೈಂಗಿಕ ಅಪರಾಧಿಗಳ ನೋಂದಣಿ ಪಟ್ಟಿ ಹೇಗೆ ಕೆಲಸ ಮಾಡುತ್ತದೆ?

ಈ ಪಟ್ಟಿ ಅಲ್ಲಿ 1947ರಿಂದಲೇ ಇದೆ. ಸುಮ್ನೆ ದೂರು ದಾಖಲಾದ ಮಾತ್ರಕ್ಕೆ ಯಾರ ಹೆಸರೂ ಇದಕ್ಕೆ ಸೇರುವುದಿಲ್ಲ. ಶಿಕ್ಷೆಯಾದವರು ಜೈಲಿನಿಂದ ಹೊರಬಂದ ಮೇಲೆ 5 ಕೆಲಸದ ದಿನಗಳೊಳಗೆ ತಾವಿರುವ ಊರಿನ ಪೊಲೀಸರಿಗೆ ವಿಳಾಸ, ಫೋಟೊ, ಬೆರಳಚ್ಚು ಕೊಡಬೇಕು. ಮನೆ ಬದಲಿಸಿದರೆ ಮತ್ತೆ ಹೋಗಬೇಕು, ಪ್ರತಿವರ್ಷ ಹುಟ್ಟುಹಬ್ಬದ ಹೊತ್ತಿಗೂ ಹೋಗಬೇಕು. ನೆಲೆಯಿಲ್ಲದವರಿಗೆ 30 ದಿನಕ್ಕೊಮ್ಮೆ. ಬೇಕಂತಲೇ ತಪ್ಪಿಸಿದರೆ ಅದೇ ಇನ್ನೊಂದು ಅಪರಾಧ.

ಮೊದಲು ಇದು ಜೀವನಪೂರ್ತಿ ಇರುತ್ತಿತ್ತು. 2021ರಿಂದ ಅಪರಾಧ ನೋಡಿ 10 ವರ್ಷ, 20 ವರ್ಷ, ಜೀವನಪೂರ್ತಿ ಎಂದು ಮೂರು ಹಂತ ಮಾಡಿದ್ದಾರೆ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಕ್ಕಿಂತ ಇದು ಜಾಸ್ತಿ ನ್ಯಾಯ ಅಂತ ನನಗನಿಸುತ್ತದೆ. ಅವಧಿ ಮುಗಿದರೂ ಹೆಸರು ತಾನಾಗಿ ಹೋಗುವುದಿಲ್ಲ, ಕೋರ್ಟಿಗೆ ಅರ್ಜಿ ಹಾಕಬೇಕು.

ಜನ ನೋಡುವ ವೆಬ್‌ಸೈಟ್‌ನಲ್ಲಿ ಎಲ್ಲರ ಹೆಸರೂ ಇರುವುದಿಲ್ಲ. ನಮ್ಮ ದೇಶದಲ್ಲಿ 2018ರಲ್ಲಿ ಶುರುವಾದ ಪಟ್ಟಿಯನ್ನಂತೂ ಪೊಲೀಸರು, ತನಿಖಾ ಸಂಸ್ಥೆಗಳು ಮಾತ್ರ ನೋಡಬಹುದು.